ತಾಳಿಕೊಳ್ಳುವ ಗಡಿಯಾರ

"ಚಪ್ಪಲಿ ಹೊರಗೇ ಬಿಟ್ಟಿದ್ದೀನಿ ಸಾರ್," ಎನ್ನುತ್ತ ಕಸ ಗುಡಿಸುವ ಅಕ್ಕ ಪ್ರಯೋಗಾಲಯದೊಳಗೆ ಬಂದಾಗ ವಿಜ್ಞಾನಿ ವರದಿಗೆ ಸಹಿ ಹಾಕುತ್ತಿದ್ದ. 'ಕಾರ್ಖಾನೆಯ ಅದುರಾಟವನ್ನು ಈ ಗಡಿಯಾರ ತಾಳಿಕೊಳ್ಳುತ್ತದೆ' ಎಂದಿತ್ತು ಅದರಲ್ಲಿ. ಲೇಸರ್ ಬೆಳಕಿನಿಂದ ತಣಿಸಿದ ಪರಮಾಣುಗಳ ಬಲದಲ್ಲಿ ಹೊತ್ತು ಎಣಿಸುವ ಪುಟ್ಟ ಪೆಟ್ಟಿಗೆ. ಚಪ್ಪಲಿ ಹಾಕಿ ನಡೆದರೆ ಅದುರಿ ಪೆಟ್ಟಿಗೆಯ ಪರದೆ ಮೇಲಿನ ಗೆರೆ ಕುಣಿಯುತ್ತದೆಂದು ಮೂರು ತಿಂಗಳಿಂದ ಅವಳನ್ನು ಬರಿಗಾಲಲ್ಲಿ ನಡೆಸಿದವನು ಅವನೇ.

"ಇದನ್ನ ಎಲ್ಲಿಡ್ತಾರೆ ಸಾರ್?"

"ಕಾರ್ಖಾನೇಲಿ ಅಕ್ಕ. ದೊಡ್ಡ ಯಂತ್ರಗಳ ಪಕ್ಕದಲ್ಲೇ."

"ಹಾಗಾದ್ರೆ ಆ ಯಂತ್ರಗಳಿಗೂ ಚಪ್ಪಲಿ ಬಿಚ್ಚಿಸ್ತೀರಾ?" ಅವಳು ನಕ್ಕಳು. ಬರೀ ತಮಾಷೆ, ಕುಹಕವಿರಲಿಲ್ಲ.

ಅವನು ನಗಲಾರದೆ ತಲೆ ತಗ್ಗಿಸಿದ. ಕಂಡದ್ದು ಅವಳ ಪಾದ. ತಣ್ಣನೆಯ ನೆಲಕ್ಕೆ ಹಿಮ್ಮಡಿ ಬಿರಿದು, ಒಂದಕ್ಕೆ ಬಟ್ಟೆ ಸುತ್ತಿಕೊಂಡಿದ್ದಳು. ಅರ್ಧ ಸಹಿಯಾಗಿದ್ದ ಹಾಳೆಯನ್ನು ಅವನು ಚೂರು ಚೂರಾಗಿ ಹರಿದು ಚೆಲ್ಲಿದ.

ಅದನ್ನೂ ಅವಳೇ ಗುಡಿಸಬೇಕಾಯಿತು.