ಲಸಿಕೆಯ ಜೊತೆ ಬಂದ ಕೂಸು

ದಡಾರದ ಲಸಿಕೆ ಹಾಕಿಸಿಕೊಂಡವರ ಮೈಯಲ್ಲಿ, ಹಿಂದೆ ಅದೇ ರೋಗದಿಂದ ತೀರಿಕೊಂಡ ಮಗುವೊಂದು ಬಂದು ಸಂಜೆಯವರೆಗೆ ಇದ್ದು ಹೋಗುತ್ತದೆ. ಅದಕ್ಕೆಂದೇ ವರ್ಕ್‌ಶಾಪಿನವರು ಫಕೀರಪ್ಪನಿಗೆ ಆ ದಿನ ರಜೆ ಕೊಟ್ಟಿದ್ದರು. ಅವನ ಹಸುಗೂಸಿಗೆ ಇನ್ನೂ ಲಸಿಕೆಯ ವಯಸ್ಸಾಗಿರಲಿಲ್ಲ. ಅಲ್ಲಿಯವರೆಗೆ ಮನೆಯ ದೊಡ್ಡವರಾದರೂ ಹಾಕಿಸಿಕೊಂಡಿರಬೇಕು ಎಂದು ನರ್ಸ್ ಹೇಳಿದ್ದಳು.

ಚಿಕ್ಕಂದಿನಲ್ಲಿ ಅವನಿಗೆ ಹಾಕಿಸಲು ತಾಯಿ ಬಸವಣ್ಣೆವ್ವ ಒಪ್ಪಿರಲೇ ಇಲ್ಲ. ಅವಳ ಚೊಚ್ಚಲ ಮಗ ಈರಣ್ಣ ದಡಾರ ಎದ್ದೇ ತೀರಿಕೊಂಡಿದ್ದ. ಅವನೇ ಬಂದು, ನನಗ್ಯಾಕ ಹಾಕಿಸಲಿಲ್ಲವ್ವಾ ಎಂದು ಕೇಳಿಬಿಟ್ಟರೆ ಎಂಬ ಭಯ ಅವಳದು.

ಮಧ್ಯಾಹ್ನ ಆಸ್ಪತ್ರೆಯಿಂದ ಬಂದ ಫಕೀರಪ್ಪ ಚಾಪೆಯ ಮೇಲೆ ಮುದುಡಿ ಮಲಗಿದ. ಬಸವಣ್ಣೆವ್ವ ಬಹಳ ಹೊತ್ತು ದೂರವೇ ನಿಂತಿದ್ದಳು. ಆಮೇಲೆ ಲಸಿಕೆಯ ದಿನ ಎಲ್ಲ ಮನೆಗಳಲ್ಲೂ ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ನಿನ್ ಹೆಸರೇನ ಕೂಸ?"

"ನೀಲಾ," ಎಂದ ಮೀಸೆಯ ಮಗ, ಸಣ್ಣ ದನಿಯಲ್ಲಿ. "ಬೆಳಕ ಕಣ್ಣಿಗೆ ಚುಚ್ಚತೈತಿ."

ಬೇರೆಯವರ ಮಗು. ಬಸವಣ್ಣೆವ್ವ ನಿರಾಳವಾಗಿ ಉಸಿರು ಬಿಟ್ಟಳು. ಆದರೆ ಈರಣ್ಣನೂ ಕೊನೆಗೆ ಇದನ್ನೇ ಅಂದಿದ್ದ. ಅವಳು ಕಿಟಕಿ ಮುಚ್ಚಿದಳು, ಪಕ್ಕದಲ್ಲಿ ಕೂತು ಮಗನ ಕಣ್ಣಿಗೆ ಸೆರಗು ಅಡ್ಡ ಹಿಡಿದಳು. ಕೈ ಸೋತರೂ ತೆಗೆಯಲಿಲ್ಲ.

ಹೊತ್ತು ಮುಳುಗುವಾಗ ಅವನ ಉಸಿರು ಮತ್ತೆ ದೊಡ್ಡವರ ಉಸಿರಾಗತೊಡಗಿತು. ಮಗು ಹೊರಟಿತ್ತು. ಬಸವಣ್ಣೆವ್ವ ಅವಸರದಲ್ಲಿ ಬಗ್ಗಿ ಅವನ ಕಿವಿಯಲ್ಲಿ ಹೇಳಿದಳು.

"ನೀಲವ್ವಾ, ಅಲ್ಲಿ ನಮ್ ಈರಣ್ಣ ಅದಾನ. ನಾಳೆ ಅವರವ್ವ ಸೂಜಿ ಹಾಕಿಸ್ಕೊಳ್ತಾಳ ಅಂತ ಹೇಳು. ಏನ್ ಕೇಳೂದೈತಿ, ಬಂದು ಕೇಳ್ಲಿ."