ಜಾಮೂನಿನ ತೂಕ

ತನ್ನ ನಾಯಿ ಜಾಮೂನನ್ನು ಎದೆಗವಚಿಕೊಂಡು ಆಕೆ ತೂಕದ ಯಂತ್ರ ಹತ್ತಿದಳು. ಮುಳ್ಳು ಐವತ್ತೇಳಕ್ಕೆ ನಿಂತಿತು.

ಪಶುವೈದ್ಯ ಹಳೆಯ ಕಾರ್ಡು ನೋಡಿದ. "ಅಮ್ಮಾ, ಮೂರು ತಿಂಗಳ ಹಿಂದೆ ನೀವಿಬ್ಬರೂ ಸೇರಿ ಅರವತ್ಮೂರು ಇದ್ರಿ. ಆರು ಕೆಜಿ ಇಳಿದಿದೆಯಲ್ಲ! ಹೊಟ್ಟೆ ತುಂಬ ಹುಳ ಇರಬೇಕು. ಜಾಮೂನು ಸರಿಯಾಗಿ ತಿಂತಾನಾ?"

"ನನ್ನ ತಟ್ಟೇದನ್ನೂ ಅವನೇ ತಿಂತಾನೆ ಸಾರ್."

"ಅವನನ್ನ ಇಳಿಸಿ, ಈಗ ನೀವೊಬ್ರೇ ನಿಲ್ಲಿ."

"ಯಾಕೆ ಸಾರ್? ಹೋದ ಸಲದಷ್ಟೇ ಮಾತ್ರೆ ಕೊಟ್ಬಿಡಿ."

"ಅಂದಾಜಲ್ಲಿ ಕೊಡೋ ಹಾಗಿಲ್ಲ. ನಿಮ್ಮ ತೂಕ ಕಳೆದ್ರೆ ತಾನೆ ಅವನದು ಸಿಗೋದು? ನಿಲ್ಲಿ, ನಾನು ಯಾರಿಗೂ ಹೇಳಲ್ಲ."

ಆಕೆ ನಗಲು ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಹತ್ತಿದಳು.

ಮೂವತ್ತೊಂಬತ್ತು.

ವೈದ್ಯ ಎರಡು ಸಲ ಕಳೆದು ನೋಡಿದ. ನಾಯಿ ಹದಿನೆಂಟು. ಕಾರ್ಡಿನಲ್ಲಿ ಹೋದ ಸಲವೂ ಹದಿನೆಂಟೇ ಇತ್ತು.

ಅವನು ಮೊದಲ ಬಾರಿಗೆ ನಾಯಿಯನ್ನು ಬಿಟ್ಟು ಆಕೆಯ ಮುಖ ನೋಡಿದ.

"ದೊಡ್ಡಾಸ್ಪತ್ರೆಗೆ ತೋರಿಸಿದ್ರಾ ಅಮ್ಮಾ?"

"ತೋರಿಸಿ ಆಯ್ತು ಸಾರ್. ಇವನಿಗೆ ಮಾತ್ರೆ ಕೊಡಿ."

ಅವನು ಎರಡು ಮಾತ್ರೆಗಳನ್ನು ಬ್ರೆಡ್ಡಿನೊಳಗೆ ಹುದುಗಿಸಿ ಕೊಟ್ಟ. ಜಾಮೂನು ಆಕೆಯ ಅಂಗೈಯಿಂದ ಅದನ್ನು ನುಂಗಿ, ಬೆರಳುಗಳನ್ನೂ ನೆಕ್ಕಿ, ಬಾಲ ಆಡಿಸಿತು. ವೈದ್ಯ ತೂಕವನ್ನೂ ಮುಂದಿನ ತಾರೀಖನ್ನೂ ಬರೆದು ಕಾರ್ಡು ಚಾಚಿದ.

"ಇನ್ನು ಮೂರು ತಿಂಗಳಿಗೆ ಬನ್ನಿ. ಇಬ್ಬರೂ ಬರಬೇಕು."

ಆಕೆ ಕೈ ನೀಡಲಿಲ್ಲ.

"ನನಗೆ ಬೇಡ ಸಾರ್. ಇವನ ಕೊರಳಿಗೆ ಕಟ್ಟಿಬಿಡಿ."