ಎಡಗಡೆಯ ಬಾಗಿಲು

"ತೆಗೀರಿ" ಎಂದಳು ದಾದಿಯಮ್ಮ, ಎಡಗಡೆಯ ಬಾಗಿಲಿನ ಮುಂದೆ ನಿಂತು. ಶಾಸಕಿಯಾದ ಮೇಲೂ ಎಲ್ಲರೂ ಅವಳನ್ನು ಹಳೆಯ ಕೆಲಸದ ಹೆಸರಿನಿಂದಲೇ ಕರೆಯುತ್ತಿದ್ದರು. ಪರಂಗಿಯವರು ಕಟ್ಟಿದ ಆ ಸದನದಲ್ಲಿ ಮತ ಹಾಕುವುದೆಂದರೆ ಎದ್ದು ನಡೆಯುವುದು: ಮಸೂದೆ ಬೇಕೆನ್ನುವವರಿಗೆ ಬಲಗಡೆಯ ಕೋಣೆ, ಬೇಡವೆನ್ನುವವರಿಗೆ ಎಡಗಡೆಯದು. ಸರಕಾರಿ ಆಸ್ಪತ್ರೆಯನ್ನು ಮಾರುವ ಮಸೂದೆಗೆ ಎಲ್ಲರೂ ಕುರಿಮಂದೆಯಂತೆ ಬಲಕ್ಕೆ ಹೊರಟಿದ್ದರು.

ಕಾವಲುಗಾರ ತಲೆ ಕೆರೆದುಕೊಂಡ. "ಬೇಡ ಅನ್ನೋರು ಯಾರೂ ಇಲ್ವಲ್ಲ ಅಂತ ಅದರೊಳಗೆ ಮುರಿದ ಕುರ್ಚಿ ತುಂಬಿಬಿಟ್ಟಿದೀವಿ, ಅಮ್ಮಾ."

ಪಕ್ಷದ ಮುಖ್ಯ ಸಚೇತಕನಾಗಿದ್ದ ಅವಳ ಸೋದರಮಾವ ಹತ್ತಿರ ಬಂದು ಹಲ್ಲು ಕಡಿದ. "ನಗೆಪಾಟಲು ಆಗ್ಬೇಡ. ನಿಂಗೆ ಟಿಕೆಟ್ ಕೊಡಿಸಿದ್ದು ನಾನು. ಬಾ ಈ ಕಡೆ."

"ಕೊಡಿಸಿದ್ದು ನೀವೇ, ಮಾವ. ಓಟು ಹಾಕಿದ್ದು ಮಾತ್ರ ಆ ಆಸ್ಪತ್ರೇಲಿ ಮಲಗಿ ಎದ್ದವರು."

ಬೀಗವೇನೋ ತೆರೆಯಿತು, ಬಾಗಿಲು ಅರ್ಧಕ್ಕೇ ನಿಂತಿತು. ಅವಳು ಭುಜ ಕೊಟ್ಟು ನೂಕಿದಳು. ರೋಗಿಯನ್ನು ಹಾಸಿಗೆಯಲ್ಲಿ ಹೊರಳಿಸುವ ಹಾಗೆ ಕಾಲು ಮುರಿದ ಕುರ್ಚಿಯೊಂದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಆ ಧೂಳಿನಲ್ಲಿ ನೆಟ್ಟಗೆ ನಿಂತಳು. ಒಬ್ಬಳು ನಿಲ್ಲುವಷ್ಟು ಜಾಗವಾಗಿತ್ತು. ಹೊರಗೆ ಯಾರೋ ಕಿಸಕ್ಕೆಂದು ನಕ್ಕರು. ಆ ನಗು ಮುಗಿಯುವ ಮೊದಲೇ ಊರುಗೋಲಿನ ಸದ್ದು ಹತ್ತಿರವಾಯಿತು. ಸದನದಲ್ಲಿ ನಿದ್ದೆ ಹೊಡೆಯುವುದಕ್ಕೇ ಹೆಸರಾಗಿ, ಎಲ್ಲರ ಬಾಯಲ್ಲೂ ಗೊರಕೆಜ್ಜನಾಗಿದ್ದ ಹಿರಿಯ ಶಾಸಕ ಹೊಸ್ತಿಲಲ್ಲಿ ನಿಂತಿದ್ದ.

"ಇನ್ನೊಂದು ಕುರ್ಚಿ ಸರಿಸು ತಾಯಿ" ಎಂದ. "ನಂಗೂ ಇವತ್ತು ನಿದ್ದೆ ಬರ್ತಿಲ್ಲ."